ಪೆನ್ಸಿಲ್‌ಗಿಂತ ಮೊದಲು ಅವರೆಕಾಳು

ಪ್ರಶ್ನೆ: ಡಾಕ್ಟರೇ, ನನ್ನ ಮಗನಿಗೆ ನಾಲ್ಕೂವರೆ ವರ್ಷ, ಎಲ್‌ಕೆಜಿ. ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿಯುತ್ತಾನೆ. ಎರಡು ಸಾಲು ಬರೆಯುವಷ್ಟರಲ್ಲಿ ಕೈನೋವು ಅಂತ ಅಳುತ್ತಾನೆ. ಟೀಚರ್ ದಿನಾ ಎರಡು ಪುಟ ಕಾಪಿ ಬರೆಸಿ ಅನ್ನುತ್ತಾರೆ. ಬೆರಳಿನ ಶಕ್ತಿಗೆಂದು ಆನ್‌ಲೈನಿನಲ್ಲಿ ಆಟಿಕೆ ಕಿಟ್ ಸಿಗುತ್ತದಂತೆ. ತರಿಸಲೇ?
– ಒಬ್ಬ ತಾಯಿ, ತುಮಕೂರು

ಉತ್ತರ: ಕಿಟ್ ಬೇಡಮ್ಮ. ಕಾಪಿಯನ್ನೂ ಸದ್ಯಕ್ಕೆ ಪಕ್ಕಕ್ಕಿಡಿ. ಹುಟ್ಟುವಾಗ ಮಗುವಿನ ಮಣಿಕಟ್ಟಿನ ಎಂಟೂ ಮೂಳೆಗಳು ಬರೀ ಮೃದ್ವಸ್ಥಿ. ವರ್ಷಗಳು ಕಳೆದಂತೆ ಒಂದೊಂದಾಗಿ ಗಟ್ಟಿಯಾಗುತ್ತವೆ. ನಿಮ್ಮ ಮಗನ ವಯಸ್ಸಿಗೆ ಆ ಕೆಲಸ ಮುಗಿದಿರುವುದಿಲ್ಲ. ಸಾಮಾನ್ಯವಾಗಿ ಮಕ್ಕಳು ನೋಡಿಕೊಂಡು ಮೂರು ವರ್ಷಕ್ಕೆ ವೃತ್ತ, ನಾಲ್ಕಕ್ಕೆ ಕೂಡಿಸುವ ಚಿಹ್ನೆ, ಐದರ ಹೊತ್ತಿಗೆ ತ್ರಿಕೋನ ಬರೆಯುತ್ತಾರೆ. ತ್ರಿಕೋನವೇ ಒಲಿಯದ ಕೈಗೆ ‘ಈ’, ‘ಋ’ ತಿದ್ದಿಸಿದರೆ ಅಳದೆ ಇನ್ನೇನು ಮಾಡೀತು? ಆದರೆ ಈ ವಯಸ್ಸಿಗೂ ಪೂರ್ತಿ ಮುಷ್ಟಿ ಹಿಡಿತ ಅಂದರೆ ಸ್ವಲ್ಪ ಹಿಂದೆಯೇ. ಬೆರಳುಗಳಿಗೆ ಕೆಲಸ ಕೊಡಬೇಕು.

ಅವರೆಕಾಯಿ ಕಾಲ ಬಂದಾಗ ರಾತ್ರಿ ಕಾಳು ನೆನೆಹಾಕಿ, ಬೆಳಗ್ಗೆ ಒಂದು ಬಟ್ಟಲು ಅವನ ಮುಂದಿಡಿ. ಕಾಳನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಹಿತುಕಿದರೆ ಸಿಪ್ಪೆ ಕೈಯಲ್ಲೇ ಉಳಿದು ಬೇಳೆ ಚಟಕ್ಕನೆ ಹಾರುತ್ತದೆ. ಮೊದಲು ಅರ್ಧ ಕಾಳು ಜಜ್ಜಿಹೋಗುತ್ತವೆ, ಹೋಗಲಿ. ಎಷ್ಟು ಒತ್ತಬೇಕೆಂಬ ಅಂದಾಜು ಬೆರಳಿಗೆ ಸಿಗುವುದು ಹಾಗೇ. ಪೆನ್ಸಿಲ್ ಮುರಿಯದಂತೆ ಬರೆಯಲೂ ಬೇಕಾದದ್ದು ಅದೇ ಅಂದಾಜು. ಅವರೆ ಇಲ್ಲದಾಗ ನೆನೆಸಿದ ಕಡಲೆಬೀಜದ ಸಿಪ್ಪೆ ಸುಲಿಸಿ, ಚಪಾತಿ ಹಿಟ್ಟಿನ ಉಂಡೆ ಕಟ್ಟಿಸಿ.

ಅಟ್ಟದ ಮೇಲೆ ಅಳಗುಳಿಮನೆ ಇದ್ದರೆ ಇಳಿಸಿ. ಹುಣಸೆಬೀಜ ಬಾಚಿ, ಅಂಗೈಯಲ್ಲಿ ಹಿಡಿದುಕೊಂಡೇ ಒಂದೊಂದನ್ನು ಬೆರಳ ತುದಿಗೆ ತಂದು ಗುಳಿಗೆ ಬಿಡಬೇಕಲ್ಲ, ಅದಕ್ಕಿಂತ ಒಳ್ಳೆಯ ವ್ಯಾಯಾಮ ಯಾವ ಕಿಟ್ಟಿನಲ್ಲೂ ಇರಲಾರದು. ಅಜ್ಜಿಗೂ ಜೊತೆ ಸಿಕ್ಕಂತಾಗುತ್ತದೆ.

ಸ್ಲೇಟನ್ನು ಅವನ ಕಣ್ಣಿನ ಎತ್ತರಕ್ಕೆ ಗೋಡೆಗೆ ನೇತುಹಾಕಿ, ತುಂಡು ಬಳಪ ಕೊಡಿ, ಇಷ್ಟ ಬಂದದ್ದು ಗೀಚಲಿ. ಎದುರಿಗಿರುವ ಹಲಗೆಯ ಮೇಲೆ ಬರೆಯುವಾಗ ಮಣಿಕಟ್ಟು ತಾನಾಗಿ ಸರಿಯಾದ ಕೋನಕ್ಕೆ ಬರುತ್ತದೆ. ತುಂಡು ಬಳಪವನ್ನು ಮುಷ್ಟಿಯಲ್ಲಿ ಹಿಡಿಯಲು ಜಾಗವೇ ಇರುವುದಿಲ್ಲ. ಹೊರಗೆ ಜೋತಾಡುವುದು, ಹತ್ತುವುದು ತಪ್ಪಿಸಬೇಡಿ. ಭುಜ ಗಟ್ಟಿ ಇಲ್ಲದಿದ್ದರೆ ಬೆರಳು ಬೇಗ ಸೋಲುತ್ತದೆ.

ಒಂದು ಎಚ್ಚರ. ಮನೆಯಲ್ಲಿ ಮೂರು ವರ್ಷದೊಳಗಿನ ಮಗುವಿದ್ದರೆ ಬೀಜ, ಮಣಿ ಯಾವುದೂ ಕೈಗೆ ಸಿಗಬಾರದು, ಉಸಿರುಗಟ್ಟೀತು. ಆಟಿಕೆಗಳ ಗುಂಡಿ ಬ್ಯಾಟರಿಯಂತೂ ದೊಡ್ಡ ಮಕ್ಕಳಿಗೂ ಅಪಾಯ. ನುಂಗಿದರೆ ಎರಡು ಗಂಟೆಯೊಳಗೇ ಅನ್ನನಾಳ ಸುಡಬಲ್ಲದು.

ಮೂರ್ನಾಲ್ಕು ತಿಂಗಳು ಹೀಗೆ ಆಡಿಸಿದರೂ ಹಿಡಿತ ಬದಲಾಗದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ. ಕೈ ನಡುಗುತ್ತಿದ್ದರೆ, ಪದೇ ಪದೇ ಬೀಳುತ್ತಿದ್ದರೆ, ಚಮಚದಲ್ಲಿ ತಿನ್ನಲೂ ಆಗದಿದ್ದರೆ, ಅಥವಾ ಮೊದಲು ಬರುತ್ತಿದ್ದದ್ದು ಈಗ ಬಾರದಿದ್ದರೆ ಅಷ್ಟು ದಿನ ಕಾಯಬೇಡಿ. ಹಲವು ಜಿಲ್ಲಾಸ್ಪತ್ರೆಗಳಲ್ಲಿ ಡಿಇಐಸಿ ಎಂಬ ಕೇಂದ್ರವಿದೆ. ಮಕ್ಕಳ ಬೆಳವಣಿಗೆಯ ತಪಾಸಣೆ, ಥೆರಪಿ ಎರಡೂ ಅಲ್ಲಿ ಉಚಿತ.

ಪ್ರಶ್ನೆ: ನಮ್ಮ ಮಗಳಿಗೆ ಹತ್ತು ತಿಂಗಳು. ಏನು ಕೊಟ್ಟರೂ ಬಲಗೈಯಲ್ಲೇ ತೆಗೆದುಕೊಳ್ಳುತ್ತಾಳೆ. ಎಡಚಿ ಅಲ್ಲವೆಂದು ನಮ್ಮಮ್ಮನಿಗೆ ಖುಷಿ. ಹೀಗೇ ರೂಢಿ ಮಾಡಿಸಬಹುದೇ?
– ಒಬ್ಬ ತಂದೆ, ಹಾಸನ

ಉತ್ತರ: ಎಡಗೈ ಬಳಕೆ ದೋಷವೇ ಅಲ್ಲ, ಅಮ್ಮನಿಗೆ ಹೇಳಿ. ನನ್ನ ಚಿಂತೆ ಬೇರೆ. ಒಂದು ವರ್ಷದೊಳಗಿನ ಮಗು ಎರಡೂ ಕೈ ಚಾಚಬೇಕು. ಇಷ್ಟು ಬೇಗ ಒಂದೇ ಕೈಗೆ ಅಂಟಿಕೊಂಡಿದ್ದರೆ ಇನ್ನೊಂದು ಕೈಯ ಸ್ನಾಯು ಅಥವಾ ನರದಲ್ಲಿ ತೊಂದರೆ ಇರಬಹುದು. ಬಲಗೈಯನ್ನು ಮೆಲ್ಲಗೆ ಹಿಡಿದು ಗಿಲಕಿಯನ್ನು ಎಡಕ್ಕೆ ತೋರಿಸಿ ನೋಡಿ. ಎಡಮುಷ್ಟಿ ಬಿಗಿದೇ ಇರುತ್ತದೆಯೇ, ತೆವಳುವಾಗ ಆ ಬದಿ ಎಳೆಯುತ್ತಾಳೆಯೇ ಗಮನಿಸಿ. ಏನೂ ಕಾಣದಿದ್ದರೂ ಈ ವಾರವೇ ಮಕ್ಕಳ ವೈದ್ಯರಲ್ಲಿಗೆ ಕರೆದೊಯ್ಯಿರಿ.