ಗೋಡೆ ಯಾರದು, ಸಾರಿಸುವವರು ಯಾರು?

ಪ್ರಶ್ನೆ: ಶಿವಮೊಗ್ಗದಲ್ಲಿ ಕಾಂಪೌಂಡು ಗೋಡೆಗೆ ಚಿತ್ರ ಬರೆಸಿದರೆ ಜನ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ನಮ್ಮೂರಲ್ಲಿ ಖಾಲಿ ಬಿದ್ದ ಕ್ವಾರ್ಟರ್ಸ್ ಗೋಡೆಗೆ ನನ್ನ ಮಗ ಮತ್ತು ಅವನ ಗೆಳೆಯರು ಸ್ಪ್ರೇ ಬಣ್ಣದಲ್ಲಿ ಚಿತ್ರ ಬರೆದು ಬೈಸಿಕೊಂಡು ಬಂದರು. ಅದೂ ಗೋಡೆ, ಇದೂ ಗೋಡೆ. ಗ್ರಾಫಿಟಿ ಅನ್ನುವುದು ಕಲೆಯೋ, ಗೋಡೆ ಹಾಳು ಮಾಡುವ ಪುಂಡಾಟವೋ?
— ಓದುಗರೊಬ್ಬರು, ಭದ್ರಾವತಿ

ಉತ್ತರ: ಒಂದೇ ಚಿತ್ರ ಎರಡೂ ಆಗಿರಬಹುದು. ಚಿತ್ರ ಚೆನ್ನಾಗಿದೆಯೇ ಅನ್ನುವುದು ಒಂದು ಪ್ರಶ್ನೆ. ಅದನ್ನು ಆ ಗೋಡೆಗೆ ಬರೆದದ್ದು ಸರಿಯೇ ಅನ್ನುವುದು ಬೇರೆಯೇ ಪ್ರಶ್ನೆ. ಕದ್ದ ಅಕ್ಕಿಯ ಕಡುಬು ರುಚಿಯಾಗಿಯೇ ಇರಬಹುದು. ರುಚಿಯಾಗಿದೆ ಅಂತ ಕಳವು ಮಾಫಿಯಾಗುವುದಿಲ್ಲ, ಕಳವು ಅಂತ ರುಚಿಯೂ ಕೆಡುವುದಿಲ್ಲ. ಎರಡು ಪ್ರಶ್ನೆಗಳನ್ನು ಒಂದೇ ಗಂಟಿಗೆ ಕಟ್ಟುವುದರಿಂದಲೇ ಈ ಜಗಳ ಮುಗಿಯುತ್ತಿಲ್ಲ.

ಕಲೆಯ ತೀರ್ಪನ್ನು ನೋಡುವವರ ಕಣ್ಣಿಗೆ ಬಿಡೋಣ. ಸರಿ-ತಪ್ಪನ್ನು ಅಳೆಯಲು ಬೇಕಾದ ಅಳತೆಗೋಲು ನಮ್ಮ ಜಿಲ್ಲೆಯಲ್ಲೇ ಇದೆ. ಸಾಗರ, ಸೊರಬದ ಕಡೆ ದೀವರ ಮನೆಗಳಲ್ಲಿ ಮದುವೆ ಬಂತೆಂದರೆ ಹೆಂಗಸರು ಗೋಡೆಗೆ ಕೆಮ್ಮಣ್ಣು ಸಾರಿಸಿ ಹಸೆ ಚಿತ್ತಾರ ಬರೆಯುತ್ತಾರೆ. ನೆನೆಸಿ ಅರೆದ ಅಕ್ಕಿಯಿಂದ ಬಿಳಿ, ಕಪ್ಪಾಗುವಂತೆ ಹುರಿದ ಅಕ್ಕಿಯಿಂದ ಕರಿ, ಗುರಿಗೆ ಕಾಯಿಯಿಂದ ಹಳದಿ. ಪುಂಡಿ ನಾರನ್ನು ಜಜ್ಜಿದರೆ ಕುಂಚ. ಗೆರೆಯ ಪಕ್ಕ ಗೆರೆ ಎಳೆಯುತ್ತಾ ಹೋದ ಹಾಗೆ ಮದುಮಕ್ಕಳು, ಪಲ್ಲಕ್ಕಿ, ಹಕ್ಕಿ, ಭತ್ತದ ತೆನೆ ಗೋಡೆಯ ಮೇಲೆ ಮೂಡುತ್ತವೆ. ಇದು ಕಲೆಯೇ ಎಂದು ಕೇಳಿದವರಿಲ್ಲ. ಆದರೆ ಅದರ ಇನ್ನೊಂದು ಗುಣವನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ: ಗೋಡೆ ಅವರದೇ. ಚಿತ್ತಾರ ಮಾಸಿದಾಗ ಮತ್ತೆ ಕೆಮ್ಮಣ್ಣು ಕಲಸಿ ಸಾರಿಸುವವರೂ ಅವರೇ. ಬರೆಯುವ ಕೈ, ಸಾರಿಸುವ ಕೈ ಎರಡೂ ಒಂದೇ. ಗೋಡೆಯ ಮೇಲಿನ ಯಾವ ಗೆರೆಯನ್ನು ಕಂಡರೂ ನಾನು ಮೊದಲು ಕೇಳಿಕೊಳ್ಳುವುದು ಇದನ್ನೇ: ಈ ಗೋಡೆ ಯಾರದು? ನಾಳೆ ಇದನ್ನು ಸಾರಿಸುವ ಕೆಲಸ ಯಾರ ತಲೆಗೆ ಬೀಳುತ್ತದೆ?

ಗ್ರಾಫಿಟಿಯ ಪರವಾಗಿರುವ ಮುಖ್ಯ ವಾದ ಹುಟ್ಟುವುದು ಇಲ್ಲಿಯೇ. ಸ್ವಂತ ಗೋಡೆ ಇಲ್ಲದವರು ಎಲ್ಲಿ ಬರೆಯಬೇಕು? ಗ್ರಾಫಿಟಿ ಅನ್ನುವುದು ಇಟಲಿಯ ಮಾತು. ಗೀಚಿದ್ದು, ಕೆರೆದದ್ದು ಎಂದು ಅರ್ಥ. ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಪಾಂಪೆ ಪಟ್ಟಣದ ಗೋಡೆಗಳಲ್ಲಿ ಚುನಾವಣೆಯ ಮಾತು, ಪ್ರೇಮದ ಮಾತು, ಬೈಗುಳ ಎಲ್ಲವೂ ಹಾಗೇ ಉಳಿದಿವೆ. ಈ ಕಾಲದ ಗ್ರಾಫಿಟಿ ಊರ ಮಾತಾದದ್ದು ಅಮೆರಿಕದಲ್ಲಿ. ನ್ಯೂಯಾರ್ಕಿನ ಹುಡುಗನೊಬ್ಬ ಹೋದಲ್ಲೆಲ್ಲ ‘ಟಾಕಿ 183’ ಎಂದು ಬರೆಯುತ್ತಿದ್ದ. 1971ರಲ್ಲಿ ಪತ್ರಿಕೆಯೊಂದು ಅವನ ಬಗ್ಗೆ ಬರೆದ ಮೇಲೆ ನೂರಾರು ಹುಡುಗರು ಅದೇ ದಾರಿ ಹಿಡಿದರು. 183 ಅವನಿದ್ದ ಬೀದಿಯ ಸಂಖ್ಯೆ. ‘ನಾನೂ ಈ ಊರಲ್ಲಿ ಇದ್ದೇನೆ’ ಎಂದು ಹೇಳಲು ಅವನಿಗೆ ಬೇರೆ ಜಾಗ ಇರಲಿಲ್ಲ.

ಆ ಮಾತಿನ ಬೆಲೆ ಶಿವಮೊಗ್ಗ, ಭದ್ರಾವತಿ ಎರಡೂ ಊರುಗಳಿಗೆ ಚೆನ್ನಾಗಿ ಗೊತ್ತು. ದಲಿತ ಸಂಘರ್ಷ ಸಮಿತಿ ಕಣ್ಣು ಬಿಟ್ಟದ್ದು ಪ್ರೊ. ಬಿ. ಕೃಷ್ಣಪ್ಪನವರು ಪಾಠ ಹೇಳುತ್ತಿದ್ದ ಭದ್ರಾವತಿಯಲ್ಲಿ. ರೈತ ಸಂಘ ಹುಟ್ಟಿದ್ದು 1980ರಲ್ಲಿ, ಶಿವಮೊಗ್ಗದಲ್ಲಿ. ಅಪ್ಪಣೆ ಇಲ್ಲದೆ ಅಧಿಕಾರಿಗಳು ಊರೊಳಗೆ ಬರುವಂತಿಲ್ಲ ಎಂದು ರೈತರು ಹಳ್ಳಿಗಳ ಬಾಗಿಲಲ್ಲಿ ಬೋರ್ಡು ಬರೆದು ನಿಲ್ಲಿಸಿದ್ದರು. ಅಕ್ಷರ ಸೊಟ್ಟಗಿದ್ದಿರಬಹುದು. ಆದರೆ ಸಾಲಕ್ಕೆ ಮನೆ ಜಪ್ತಿ ಮಾಡಲು ಬಂದವರು ಆ ಬೋರ್ಡಿನ ಮುಂದೆ ನಿಂತು ಯೋಚಿಸಬೇಕಾಯಿತು. ತಮ್ಮ ಊರಿನ ಬಾಗಿಲಲ್ಲಿ, ತಮ್ಮ ಹೆಸರಿನಲ್ಲಿ, ಹಗಲು ಬೆಳಕಿನಲ್ಲಿ ಬರೆದ ಮಾತು ಅದು. ಅದನ್ನು ಪುಂಡಾಟ ಅನ್ನಲು ನನಗೆ ನಾಲಿಗೆ ಏಳುವುದಿಲ್ಲ.

ಕಲಾವಿದ ಬಾದಲ್ ನಂಜುಂಡಸ್ವಾಮಿ ಅವರ ಕೆಲಸವೂ ಇದೇ ಜಾತಿಯದು. 2015ರಲ್ಲಿ ಬೆಂಗಳೂರಿನ ಸುಲ್ತಾನಪಾಳ್ಯದ ರಸ್ತೆಗುಂಡಿಯಲ್ಲಿ ಅವರು ಮೊಸಳೆ ಮಾಡಿ ಮಲಗಿಸಿದರು. 2019ರಲ್ಲಿ ಹಾಳಾದ ರಸ್ತೆಯ ಮೇಲೆ ಗಗನಯಾತ್ರಿಯ ವೇಷದ ನಟನನ್ನು ನಡೆಸಿ, ಚಂದ್ರನ ನೆಲದಂತೆ ಚಿತ್ರೀಕರಿಸಿದರು. ಎರಡು ಸಲವೂ ಪಾಲಿಕೆ ರಸ್ತೆ ರಿಪೇರಿಗೆ ಧಾವಿಸಿತು. ಅಲ್ಲಿ ರಸ್ತೆ ಮೊದಲೇ ಹಾಳಾಗಿತ್ತು; ಕಲೆಗಾರ ಅದನ್ನು ಎಲ್ಲರಿಗೂ ಕಾಣಿಸಿದರು.

ಇನ್ನು ಇದರ ಎದುರು ತುದಿ. ಭದ್ರಾವತಿಯ ಲಕ್ಷ್ಮೀನರಸಿಂಹ ದೇವಸ್ಥಾನ ಹೊಯ್ಸಳರ ಕಾಲದ್ದು, 13ನೇ ಶತಮಾನದ್ದು. ಅಂಥ ಗೋಡೆಯಲ್ಲಿ ಯಾರೋ ಮೊಳೆಯಿಂದ ತಮ್ಮ ಹೆಸರನ್ನೂ ಒಂದು ಹೃದಯವನ್ನೂ ಕೆತ್ತಿದರೆ? ಹಳೆಯ ಕಾಲದವರೂ ಕಲ್ಲಿನ ಮೇಲೆ ಹೆಸರು ಬರೆದಿಲ್ಲವೇ ಎಂದು ಕೇಳುವವರಿದ್ದಾರೆ. ಬರೆದಿದ್ದಾರೆ. ಶ್ರವಣಬೆಳಗೊಳದ ಚಂದ್ರಗಿರಿಯ ಬಂಡೆಗಳ ಮೇಲೆ ಯಾತ್ರಿಕರ ಹೆಸರುಗಳು ಸಾಲುಸಾಲಾಗಿವೆ. ‘ಕವಿರತ್ನ’ ಎಂಬ ಹೆಸರೂ ಇದೆ, ಅದು ನಮ್ಮ ರನ್ನನದೇ ಎನ್ನುತ್ತಾರೆ. ತರೀಕೆರೆ ಬಳಿಯ ಅಮೃತಾಪುರದಲ್ಲಿ ಕೆಲಸ ಮಾಡಿದ ರೂವಾರಿ ಮಲ್ಲಿತಮ್ಮ, ಮುಂದೆ ಸೋಮನಾಥಪುರದಲ್ಲಿ ತಾನು ಕಡೆದ ವಿಗ್ರಹಗಳ ಕೆಳಗೆ ಹೆಸರು ಹಾಕಿದ್ದಾನೆ. ಆದರೆ ರನ್ನನ ಹೆಸರಿರುವುದು ಬೋಳು ಬಂಡೆಯ ಮೇಲೆ. ಮಲ್ಲಿತಮ್ಮನ ಹೆಸರಿರುವುದು ಅವನ ಸ್ವಂತ ಕೆಲಸದ ಮೇಲೆ. ಇವತ್ತು ಮೊಳೆ ಹಿಡಿದವನು ಕೆರೆಯುವುದು ಇನ್ನೊಬ್ಬನ ಕೈಕೆಲಸವನ್ನು. ಆ ಕಲ್ಲು ಎಂಟುನೂರು ವರ್ಷದ ಹಿಂದೆಯೇ ತುಂಬಿಹೋಗಿದೆ. ಬರೆಯಲು ಅಲ್ಲಿ ಖಾಲಿ ಜಾಗ ಇಲ್ಲ. ಅದನ್ನು ಸಾರಿಸಿ ಮೊದಲಿನಂತೆ ಮಾಡುವ ಕೈಯೂ ಇಲ್ಲ. ಕೇಂದ್ರದ ಸಂರಕ್ಷಿತ ಸ್ಮಾರಕವನ್ನು ವಿರೂಪಗೊಳಿಸಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. 2019ರಲ್ಲಿ ಹಂಪಿಯಲ್ಲಿ ಕಂಬ ಉರುಳಿಸಿದ ಯುವಕರಿಗೆ ನ್ಯಾಯಾಲಯ ದಂಡದ ಜೊತೆಗೆ, ಆ ಕಂಬವನ್ನು ಅವರ ಕೈಯಿಂದಲೇ ಎತ್ತಿ ನಿಲ್ಲಿಸುವ ಕೆಲಸವನ್ನೂ ಕೊಟ್ಟಿತು. ಕೆಡವಿದ ಕೈಯೇ ನಿಲ್ಲಿಸಲಿ ಎನ್ನುವ ಆ ನ್ಯಾಯ ನನಗೆ ಬಹಳ ಹಿಡಿಸಿತು.

ಗೋಡೆಯ ಮೇಲಿನ ಮಾತೇ ಅಪರಾಧವಾಗುವ ಸಂದರ್ಭವೂ ಉಂಟು. 2020ರ ನವೆಂಬರಿನಲ್ಲಿ ಮಂಗಳೂರಿನ ಗೋಡೆಯೊಂದರಲ್ಲಿ ಭಯೋತ್ಪಾದಕರ ಪರವಾದ ಬರಹ ಕಾಣಿಸಿಕೊಂಡಾಗ ಪೊಲೀಸರು ಪ್ರಕರಣ ದಾಖಲಿಸಿದರು. ಜನರನ್ನು ಹೆದರಿಸುವ ಬರಹಕ್ಕೆ ಬಣ್ಣ ಎಷ್ಟು ಚೆಂದವಿದ್ದರೂ ರಿಯಾಯಿತಿ ಇಲ್ಲ.

ಮಗನ ವಿಷಯಕ್ಕೆ ಬರೋಣ. ತೆರೆದ ಸ್ಥಳಗಳ ಅಂದಗೆಡಿಸುವುದನ್ನು ತಡೆಯಲು ಕರ್ನಾಟಕದಲ್ಲಿ 1981ರ ಒಂದು ಕಾಯ್ದೆ ಇದೆ. ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ಸ್ಥಳೀಯ ಸಂಸ್ಥೆಯ ಲಿಖಿತ ಅನುಮತಿ ಇಲ್ಲದೆ ಪ್ರಚಾರದ ಬರಹ, ಚಿತ್ರ ಹಾಕಿದರೆ ಆರು ತಿಂಗಳವರೆಗೆ ಜೈಲು, ಒಂದು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಖಾಲಿ ಬಿದ್ದ ಕ್ವಾರ್ಟರ್ಸಿಗೂ ಒಡೆಯರಿದ್ದಾರೆ. ಹಾಳೂರಿಗೆ ಉಳಿದವನೇ ಗೌಡ ಎಂಬ ಗಾದೆ ಕಾನೂನಿನ ಮುಂದೆ ನಡೆಯುವುದಿಲ್ಲ. ಶಿವಮೊಗ್ಗದ ಗೋಡೆಗೂ ನಿಮ್ಮ ಮಗನ ಗೋಡೆಗೂ ಇರುವ ವ್ಯತ್ಯಾಸ ಅನುಮತಿಯ ಆ ಒಂದು ಕಾಗದ ಮಾತ್ರ. ಕಾಗದ ಇದ್ದ ಮಾತ್ರಕ್ಕೆ ಅಲ್ಲಿಯದು ಒಳ್ಳೆಯ ಚಿತ್ರವಾಗುವುದಿಲ್ಲ, ಇಲ್ಲದ ಮಾತ್ರಕ್ಕೆ ಇಲ್ಲಿಯದು ಕೆಟ್ಟ ಚಿತ್ರವೂ ಆಗುವುದಿಲ್ಲ.

ಅಳಿಸುವ ಕೈಗೂ ಇದೇ ಪ್ರಶ್ನೆ ಇದೆ. ನ್ಯೂಯಾರ್ಕಿನ ‘ಫೈವ್ ಪಾಯಿಂಟ್ಸ್’ ಕಟ್ಟಡದಲ್ಲಿ ಮಾಲೀಕರ ಒಪ್ಪಿಗೆಯಿಂದಲೇ ಬರೆದ ಚಿತ್ರಗಳಿಗೆ 2013ರಲ್ಲಿ ರಾತ್ರೋರಾತ್ರಿ ಬಿಳಿ ಬಣ್ಣ ಬಳಿಯಲಾಯಿತು. 2018ರಲ್ಲಿ ನ್ಯಾಯಾಲಯ 21 ಕಲಾವಿದರಿಗೆ 67.5 ಲಕ್ಷ ಡಾಲರ್ ಪರಿಹಾರ ಕೊಡಿಸಿತು. ಒಳ್ಳೆಯ ಚಿತ್ರದ ಮೇಲೆ ಸಿನಿಮಾ ಪೋಸ್ಟರ್ ಅಂಟಿಸುವುದು, ಎಲೆಅಡಿಕೆ ಉಗುಳುವುದು ನನ್ನ ಲೆಕ್ಕದಲ್ಲಿ ಗೋಡೆ ಕೆಡಿಸುವುದಕ್ಕಿಂತ ದೊಡ್ಡ ತಪ್ಪು.

ಭದ್ರಾವತಿಯ ಗೋಡೆಗಳಿಗೆ ಹೇಳಲು ಬೇಕಾದಷ್ಟಿದೆ. ಬೆಂಕಿಪುರ ಎಂಬ ಹಳೆಯ ಹೆಸರು, 1923ರಲ್ಲಿ ಆರಂಭವಾದ ಕಬ್ಬಿಣ-ಉಕ್ಕಿನ ಕಾರ್ಖಾನೆ, 1936ರ ಕಾಗದದ ಕಾರ್ಖಾನೆ; 2023ರ ಜನವರಿಯಲ್ಲಿ ಉಕ್ಕಿನ ಕಾರ್ಖಾನೆ ಮುಚ್ಚುವ ಸುದ್ದಿ ಬಂದಾಗ ತಿಂಗಳುಗಟ್ಟಲೆ ಧರಣಿ ಕೂತ ಗುತ್ತಿಗೆ ಕಾರ್ಮಿಕರು. ಇದನ್ನು ಬರೆಯಬೇಕಾದವರು ಅಲ್ಲೇ ಹುಟ್ಟಿ ಬೆಳೆದ ಮಕ್ಕಳು. ಗೋಡೆಯ ಒಡೆಯರ ಹತ್ತಿರ ಹುಡುಗರ ಜೊತೆ ನೀವೂ ಹೋಗಿ. ಏನು ಬರೆಯುತ್ತಾರೆಂದು ಕಾಗದದ ಮೇಲೆ ತೋರಿಸಲಿ. ಬೇಡವೆಂದ ದಿನ ನಾವೇ ಬಂದು ಸುಣ್ಣ ಹೊಡೆದುಕೊಡುತ್ತೇವೆ ಎಂದೂ ಬರೆದುಕೊಡಲಿ. ಆ ಮಾತು ಕೊಡುವವನ ಕೈಗೆ ಬಣ್ಣ ಕೊಡಲು ಯಾರೂ ಹೆದರಬೇಕಿಲ್ಲ.

ಒಂದು ವಿನಂತಿ. ಮಗ ಬೈಸಿಕೊಂಡ ವಿಷಯ ಬರೆದಿದ್ದೀರಿ, ಏನು ಬರೆದಿದ್ದ ಎಂದು ತಿಳಿಸಿಲ್ಲ. ಆ ಗೋಡೆಗೆ ಸುಣ್ಣ ಬೀಳುವ ಮೊದಲು ಒಮ್ಮೆ ಹೋಗಿ ನೋಡಿ ಬನ್ನಿ.