ಎರಡು ಕೇಬಲ್ ಹಾಕಿದ್ರೆ ಎರಡು ಪಟ್ಟು ಸ್ಪೀಡ್ ಬರುತ್ತಾ?

ಹತ್ತನೇ ತರಗತಿಯ ಐಟಿ ಪ್ರಾಯೋಗಿಕ ಪರೀಕ್ಷೆಗೆ ಎರಡೇ ದಿನ ಬಾಕಿ. ಬೆಳಿಗ್ಗೆ ಲ್ಯಾಬಿಗೆ ಹೋದರೆ ಒಂದು ಕಂಪ್ಯೂಟರಿಗೂ ನೆಟ್‌ವರ್ಕ್ ಇಲ್ಲ. ಎರಡೂ ಸ್ವಿಚ್‌ಗಳ ದೀಪಗಳು ಮಾತ್ರ ಹುಚ್ಚು ಹಿಡಿದ ಹಾಗೆ ಮಿನುಗ್ತಾ ಇದ್ದವು. ವಿಚಾರಿಸಿದಾಗ ಒಬ್ಬ ಹುಡುಗ ಮೆಲ್ಲಗೆ ಬಾಯಿಬಿಟ್ಟ: "ಸ್ಪೀಡ್ ಜಾಸ್ತಿ ಆಗ್ಲಿ ಅಂತ ಎರಡು ಸ್ವಿಚ್ ನಡುವೆ ನಾನೇ ಇನ್ನೊಂದು ಕೇಬಲ್ ಹಾಕಿದೆ ಸರ್. ಗದ್ದೆಗೆ ಎರಡು ಕಡೆಯಿಂದ ನೀರು ಬಿಟ್ರೆ ಬೇಗ ತುಂಬಲ್ವಾ?"

ಚೇಕಾಡಿಯಲ್ಲಿ ಗಂಧಕಸಾಲೆ ಗದ್ದೆ ನೋಡಿ ಬೆಳೆದವರು ಹೀಗೆ ಯೋಚಿಸುವುದು ಸಹಜ. ಬೈಯಲು ಮನಸ್ಸು ಬರಲಿಲ್ಲ.

ಆದರೆ ನೀರು ಕವಲೊಡೆದರೆ ಹಂಚಿಹೋಗುತ್ತದೆ. ಸ್ವಿಚ್‌ನಲ್ಲಿ ಸಂದೇಶದ ನಕಲು ತಯಾರಾಗುತ್ತದೆ! ನೋಡಿ, ಪ್ರತಿ ಕಂಪ್ಯೂಟರಿಗೂ 48 ಬಿಟ್‌ನ ಮ್ಯಾಕ್ ವಿಳಾಸವಿದೆ. ಯಾವ ವಿಳಾಸದವರು ಯಾವ ಪೋರ್ಟಿನಲ್ಲಿದ್ದಾರೆ ಎಂಬುದನ್ನು ಸ್ವಿಚ್ ನೆನಪಿಟ್ಟುಕೊಂಡು, ಅವರ ಸಂದೇಶವನ್ನು ಅಲ್ಲಿಗೆ ಮಾತ್ರ ಕಳಿಸುತ್ತದೆ. (ಹಳೆಯ ಹಬ್‌ಗೆ ಈ ಬುದ್ಧಿ ಇರಲಿಲ್ಲ.) "ಈ ಐಪಿ ವಿಳಾಸ ಯಾರದ್ದು?" ಎಂಬಂಥ ಪ್ರಶ್ನೆಯಾದರೆ ಎಲ್ಲರಿಗೂ ಮುಟ್ಟಬೇಕು. ಅದೇ ಬ್ರಾಡ್‌ಕಾಸ್ಟ್. ಅದು ಬಂದ ಪೋರ್ಟ್ ಬಿಟ್ಟು ಉಳಿದೆಲ್ಲ ಪೋರ್ಟಿಗೂ ನಕಲು ಹೋಗುತ್ತದೆ.

ಈಗ ಎರಡು ಕೇಬಲ್ ಇವೆ ಅನ್ನಿ. ಮೊದಲ ಕೇಬಲಿನಲ್ಲಿ ಬಂದದ್ದನ್ನು ಆಚೆಯ ಸ್ವಿಚ್ ಎರಡನೆಯದರಲ್ಲಿ ವಾಪಸ್ ಕಳಿಸುತ್ತದೆ, ಈಚೆಯದು ಮತ್ತೆ ಮೊದಲನೆಯದರಲ್ಲಿ. ಪ್ರತಿ ಸುತ್ತಿಗೂ ಎಲ್ಲ ಕಂಪ್ಯೂಟರಿಗೂ ಒಂದೊಂದು ನಕಲು. ಐಪಿ ಪ್ಯಾಕೆಟ್ಟಿಗೆ ಆಯುಸ್ಸಿನ ಲೆಕ್ಕವಿದೆ. ರೂಟರ್ ದಾಟಿದಂತೆ ಕಡಿಮೆಯಾಗಿ ಸೊನ್ನೆಯಾದಾಗ ಅದು ಸಾಯುತ್ತದೆ. ಇಥರ್ನೆಟ್ ಫ್ರೇಮಿಗೆ ಆ ಲೆಕ್ಕ ಇಲ್ಲ, ಸುತ್ತುತ್ತಲೇ ಇರುತ್ತದೆ. ಇದನ್ನು ಬ್ರಾಡ್‌ಕಾಸ್ಟ್ ಬಿರುಗಾಳಿ ಅಂತಾರೆ. ಕೇಬಲ್ ಕಿತ್ತೆ, ಬಿರುಗಾಳಿ ನಿಂತಿತು.

ಇದಕ್ಕೆ ಪರಿಹಾರವನ್ನು 1985ರಲ್ಲಿ ರಾಡಿಯಾ ಪರ್ಲ್‌ಮನ್ ಎಂಬ ಎಂಜಿನಿಯರ್ ಕಂಡುಹಿಡಿದರು: ಸ್ಪ್ಯಾನಿಂಗ್ ಟ್ರೀ. ಸ್ವಿಚ್‌ಗಳು ತಮ್ಮೊಳಗೆ ಮಾತಾಡಿಕೊಂಡು, ಸುತ್ತು ಉಂಟುಮಾಡುವ ದಾರಿಯನ್ನು ಮುಚ್ಚಿಡುತ್ತವೆ. ಮೊದಲ ಕೇಬಲ್ ಕೆಟ್ಟರೆ ಮುಚ್ಚಿದ್ದನ್ನು ತೆರೆಯುತ್ತವೆ. ಇದರಿಂದ ಭದ್ರತೆ ಸಿಕ್ಕಿತು, ವೇಗ ಸಿಗಲಿಲ್ಲ.

ಹುಡುಗ ಬಯಸಿದ ವೇಗಕ್ಕೆ ಬೇರೆ ಸೌಲಭ್ಯವೇ ಇದೆ, ಲಿಂಕ್ ಅಗ್ರಿಗೇಶನ್. ಇದರಲ್ಲಿ ಎರಡೂ ಕೇಬಲನ್ನು ಸ್ವಿಚ್ ಒಂದೇ ದಾರಿ ಎಂದು ಪರಿಗಣಿಸುತ್ತದೆ. ಆದರೂ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಒಂದು ಫೈಲ್ ಕಳಿಸಿದರೆ ವೇಗ ಎರಡು ಪಟ್ಟಾಗದು. ಫ್ರೇಮ್‌ಗಳು ಹಿಂದುಮುಂದಾಗಬಾರದೆಂದು ಒಂದು ಸಂಭಾಷಣೆ ಪೂರ್ತಿ ಒಂದೇ ಕೇಬಲಿನಲ್ಲಿ ಸಾಗುತ್ತದೆ. ಹಲವರು ಒಟ್ಟಿಗೆ ಬಳಸುವಾಗಲೇ ಲಾಭ. ಎರಡೂ ಸ್ವಿಚ್‌ಗಳಲ್ಲಿ ಈ ಸೌಲಭ್ಯ ಇರಬೇಕು. ನಮ್ಮವು ಅಗ್ಗದವು, ಇಲ್ಲ.

ಹಾಗಾದರೆ ಲ್ಯಾಬ್ ನಿಧಾನ ಯಾಕೆ? ಹಳೇ ಕೇಬಲಿನ ಪೋರ್ಟಿನ ದೀಪ ಹಸಿರಾಗಿರದೆ ಕಿತ್ತಳೆಯಾಗಿತ್ತು. ನಮ್ಮ ಸ್ವಿಚ್‌ನಲ್ಲಿ ಹಸಿರೆಂದರೆ 1000 ಎಂಬಿಪಿಎಸ್, ಕಿತ್ತಳೆಯೆಂದರೆ 100. ಸಾವಿರಕ್ಕೆ ಕೇಬಲಿನ 8 ತಂತಿಯೂ ಬೇಕು, ನೂರಕ್ಕೆ 4 ಸಾಕು. ಟೆಸ್ಟರ್ ಹಾಕಿದರೆ ಒಂದು ತಂತಿ ಕಡಿದಿತ್ತು. ತುದಿ ಕತ್ತರಿಸಿ ಹೊಸ ಕನೆಕ್ಟರ್ ಹಾಕುವ ಕೆಲಸವನ್ನು ಅದೇ ಹುಡುಗನಿಗೆ ಕೊಟ್ಟೆ. ಎರಡನೇ ಸಲಕ್ಕೆ ಸರಿಯಾಯ್ತು, ದೀಪ ಹಸಿರಾಯ್ತು.