ಡೇಟಾಬೇಸ್ ಹಾಕುವ ಮೊದಲಿನ ಕೆಲಸ

ಹಳೆಯ ಲಿನಕ್ಸ್‌ನಲ್ಲಿ ಸಿದ್ಧತೆ ಇಲ್ಲದೆ ಡೇಟಾಬೇಸ್ ಹಾಕಲು ಹೋದರೆ ಎಷ್ಟೋ ಸಲ ಅದು ಶುರುವೇ ಆಗುತ್ತಿರಲಿಲ್ಲ. ಹಂಚಿಕೊಂಡು ಬಳಸುವ ಮೆಮೊರಿಯ ಒಂದು ತುಂಡು ಎಷ್ಟು ದೊಡ್ಡದಿರಬಹುದು ಎಂದು ಹೇಳುವ ಶಮ್‌ಮ್ಯಾಕ್ಸ್ ಮಿತಿ ಕರ್ನಲ್‌ನಲ್ಲಿ 32 ಎಂಬಿ ಇತ್ತು. ಅದಕ್ಕಿಂತ ಹೆಚ್ಚು ಕೇಳಿದರೆ ಕರ್ನಲ್ ಕೊಡುತ್ತಿರಲಿಲ್ಲ, ನಾವು ಮಿತಿ ಏರಿಸಿ ಮುಂದುವರಿಯುತ್ತಿದ್ದೆವು. 2013ರ ಪೋಸ್ಟ್‌ಗ್ರೆಸ್ 9.3 ಬೇರೆ ದಾರಿ ಹಿಡಿದು ಆ ತಕರಾರನ್ನು ಬಹುಮಟ್ಟಿಗೆ ದಾಟಿತು. 2014ರಲ್ಲಿ ಲಿನಕ್ಸ್ 3.16 ಆ ಮಿತಿಯನ್ನು ಇದ್ದೂ ಇಲ್ಲದಂತೆ ಎತ್ತರಿಸಿತು. ಅಲ್ಲಿಂದೀಚೆಗೆ ಕರ್ನಲ್ ಮುಟ್ಟುವುದೇ ಬೇಡ, ಸುಮ್ಮನೆ ಇನ್‌ಸ್ಟಾಲ್ ಮಾಡಿದರಾಯಿತು ಎನ್ನುವವರು ಹೆಚ್ಚಾದರು. ನನ್ನ ಅನುಭವ ಬೇರೆ. ಮೊದಲು ಬಾಗಿಲಲ್ಲೇ ತಡೆಯುತ್ತಿದ್ದ ಕರ್ನಲ್ ಈಗ ಸದ್ದಿಲ್ಲದೆ ಒಳಗೆ ಬಿಡುತ್ತದೆ. ಕೊರತೆ ಬಯಲಾಗುವುದು ಜನ ಸಾಲುಗಟ್ಟಿ ನಿಂತ ದಿನ.

ನನ್ನ ಊರು ಅಬ್ಬೆತುಮಕೂರು. ಯಾದಗಿರಿ, ಶಹಾಪುರ, ಸುರಪುರದ ಸಹಕಾರ ಸಂಘ, ಬೇಳೆ ಮಿಲ್ಲು, ಸಣ್ಣ ಆಸ್ಪತ್ರೆಗಳಿಗೆ ಸರ್ವರ್ ಹಾಕಿಕೊಡುತ್ತೇನೆ. ಇಲ್ಲಿ ಹೆಚ್ಚಿನ ಕಡೆ ಇರುವುದು ಒಂದೇ ಮಷೀನು. ಅದು ನಿಂತರೆ ಕೆಲಸ ವಹಿಸಿಕೊಳ್ಳಲು ಇನ್ನೊಂದು ಇರುವುದಿಲ್ಲ.

ಶಹಾಪುರ ಕಡೆಯ ಒಂದು ಪತ್ತಿನ ಸಂಘದಿಂದ ಮಾರ್ಚ್ ಕೊನೆಗೆ ಫೋನ್ ಬಂತು. "ಅಣ್ಣಾರ, ನಿನ್ನಿ ತನಕ ಛಲೋ ನಡದಿತ್ತು ನೋಡ್ರಿ. ಇವತ್ತ ಒಂದ ರಸೀದಿನೂ ಹೊಂಟಿಲ್ರಿ," ಎಂದ ಅಲ್ಲಿನ ಹುಡುಗ. ಮಷೀನಿನಲ್ಲಿ 16 ಜಿಬಿ ಮೆಮೊರಿ, ಅದರಲ್ಲಿ 8 ಜಿಬಿ ಪೋಸ್ಟ್‌ಗ್ರೆಸ್‌ನ ಬಫರಿಗೆ. ಕಾಗದದ ಮೇಲೆ ಎಲ್ಲವೂ ಸರಿ. ಮೆಮೊರಿಯ ಲೆಕ್ಕದಲ್ಲಿ ಪೇಜ್ ಟೇಬಲ್ಸ್ ಎಂಬ ಸಾಲನ್ನು ಓದಿದಾಗ ಕಾರಣ ಕಂಡಿತು.

ಕರ್ನಲ್ ಮೆಮೊರಿಯನ್ನು 4 ಕೆಬಿ ಪುಟಗಳಾಗಿ ಹಂಚುತ್ತದೆ. 8 ಜಿಬಿ ಎಂದರೆ 20,97,152 ಪುಟ. ಯಾವ ಪುಟ ಎಲ್ಲಿದೆ ಎಂದು ಬರೆದಿಡುವ ಪಟ್ಟಿಯೇ ಪೇಜ್ ಟೇಬಲ್; ಅದರಲ್ಲಿ ಪುಟಕ್ಕೆ 8 ಬೈಟ್, ಒಟ್ಟು 16 ಎಂಬಿ. ಪೋಸ್ಟ್‌ಗ್ರೆಸ್ ಪ್ರತಿ ಕನೆಕ್ಷನ್‌ಗೂ ಒಂದು ಪ್ರತ್ಯೇಕ ಪ್ರೊಸೆಸ್ ಹುಟ್ಟಿಸುತ್ತದೆ. ಬಫರ್ ಒಂದೇ ಆದರೂ ಈ ಪಟ್ಟಿ ಪ್ರತಿಯೊಂದಕ್ಕೂ ಬೇರೆ. ಕೆಲಸ ಹೆಚ್ಚಾದಂತೆ ಪಟ್ಟಿಗಳು ತುಂಬುತ್ತವೆ. 150 ಕನೆಕ್ಷನ್ ಪೂರ್ತಿ ತುಂಬಿದರೆ ಬರೀ ಪಟ್ಟಿಗಳಿಗೇ ಸುಮಾರು 2.3 ಜಿಬಿ. ಉಳಿದ ದಿನಗಳಲ್ಲಿ ಇದು ಗೊತ್ತೇ ಆಗುವುದಿಲ್ಲ. ಸಾಲ ನವೀಕರಣದ ದಿನ ಎಲ್ಲ ಶಾಖೆಗಳೂ ಒಟ್ಟಿಗೆ ಕೂತಾಗ ಮಷೀನು ಸ್ವಾಪ್‌ಗೆ ಇಳಿಯುತ್ತದೆ.

ಇದಕ್ಕೆ ಮದ್ದು ಹ್ಯೂಜ್ ಪೇಜ್. 2 ಎಂಬಿ ಪುಟ ಹಾಕಿದರೆ ಅದೇ 8 ಜಿಬಿಗೆ 4096 ಪುಟ ಸಾಕು, ಪಟ್ಟಿ 32 ಕೆಬಿಗೆ ಇಳಿಯುತ್ತದೆ. ಆದರೆ 2 ಎಂಬಿ ಪುಟಕ್ಕೆ ಮೆಮೊರಿಯಲ್ಲಿ ಬಿಡಿಬಿಡಿಯಾಗದ ಜಾಗ ಬೇಕು. ವಾರಗಟ್ಟಲೆ ಓಡಿದ ಮಷೀನಿನಲ್ಲಿ ಅಂಥ ಜಾಗ ಚೂರುಚೂರಾಗಿರುತ್ತದೆ, ಕೇಳಿದಷ್ಟು ಸಿಗುವುದಿಲ್ಲ. ಆದ್ದರಿಂದ ಮೊದಲೇ, ಬೂಟ್ ಆಗುವಾಗಲೇ ಕಾಯ್ದಿರಿಸಬೇಕು. ಪೋಸ್ಟ್‌ಗ್ರೆಸ್ 15ರಿಂದ ಈಚೆಗೆ ಎಷ್ಟು ಪುಟ ಬೇಕೆಂದು ಸರ್ವರ್ ಶುರು ಮಾಡದೆಯೇ ಪೋಸ್ಟ್‌ಗ್ರೆಸ್‌ನ್ನೇ ಕೇಳಿ ತಿಳಿಯಬಹುದು. ಇನ್ನೊಂದು: ಪೋಸ್ಟ್‌ಗ್ರೆಸ್‌ನ ಹ್ಯೂಜ್ ಪೇಜ್ ಆಯ್ಕೆ ಮೂಲತಃ "ಟ್ರೈ" ಎಂದಿರುತ್ತದೆ, ಎಂದರೆ ಸಿಗದಿದ್ದರೆ ಹೇಳದೆಕೇಳದೆ 4 ಕೆಬಿಗೇ ಹೋಗುತ್ತದೆ. ನಾನು ಅದನ್ನು "ಆನ್" ಮಾಡುತ್ತೇನೆ. ಪುಟ ಸಾಲದಿದ್ದರೆ ಡೇಟಾಬೇಸ್ ಶುರುವಾಗದೆ ನಿಲ್ಲಲಿ. ನಾನು ಎದುರಿಗಿರುವಾಗಲೇ ನಿಲ್ಲಲಿ.

ಒಂದು ಪ್ರೊಸೆಸ್ ಎಷ್ಟು ಫೈಲ್ ತೆರೆಯಬಹುದು ಎಂಬ ಫೈಲ್ ಮಿತಿಯದೂ ಇಂಥದೇ ಕಥೆ. ಲಿಮಿಟ್ಸ್ ಫೈಲಿನಲ್ಲಿ 65536 ಎಂದು ಬರೆದು, ಲಾಗಿನ್ ಆಗಿ ನೋಡಿದರೆ 65536 ಎಂದೇ ತೋರಿಸುತ್ತದೆ. ಆದರೆ ಸಿಸ್ಟಮ್‌ಡಿ ಮೂಲಕ ಏಳುವ ಸರ್ವೀಸ್ ಆ ಫೈಲನ್ನು ಓದುವುದೇ ಇಲ್ಲ. ಅದರ ಮಿತಿಯನ್ನು ಸರ್ವೀಸಿನ ಯೂನಿಟ್ ಫೈಲಿನಲ್ಲೇ ಬರೆಯಬೇಕು. ನಿಜ ತಿಳಿಯಲು ಓಡುತ್ತಿರುವ ಪ್ರೊಸೆಸ್‌ನ ಮಿತಿಯನ್ನು ಪ್ರೋಕ್ ಒಳಗೆ ಹೊಕ್ಕು ನೋಡಬೇಕು.

ಎಲ್ಲಿಂದಲೋ ತಂದ ಅಂಕಿಗಳನ್ನು ಹಾಗೇ ಅಂಟಿಸುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಪ್ರತಿ ಅಂಕಿಗೂ ಕಾರಣವಿದೆ, ಅಳತೆಯಿದೆ. ಒರಾಕಲ್ ಕೇಳುವ ಸೆಮಾಫೋರ್ ಸಾಲು 250, 32000, 100, 128. ಇದರಲ್ಲಿ 32000 ಎಂಬುದು 250ನ್ನು 128ರಿಂದ ಗುಣಿಸಿದ್ದು; ಒಂದನ್ನು ಏರಿಸಿದರೆ ಇನ್ನೊಂದನ್ನೂ ನೋಡಬೇಕು. ಶಮ್‌ಮ್ಯಾಕ್ಸ್ ಒಂದು ತುಂಡಿನ ಮಿತಿ, ಬೈಟ್ ಲೆಕ್ಕ; ಶಮ್‌ಆಲ್ ಎಲ್ಲ ತುಂಡುಗಳ ಒಟ್ಟು ಮಿತಿ, ಪುಟದ ಲೆಕ್ಕ. ನಮ್ಮೂರ ವಿಶ್ವಾರಾಧ್ಯರ ಮಠದ ದಾಸೋಹದಲ್ಲಿ ಒಂದು ಕೊಪ್ಪರಿಗೆ ಎಷ್ಟು ದೊಡ್ಡದು ಎಂಬುದು ಬೇರೆ, ಒಟ್ಟು ಎಷ್ಟು ಅಡುಗೆ ಬೇಯುತ್ತದೆ ಎಂಬುದು ಬೇರೆ ಇದ್ದಂತೆ ಈ ಎರಡು.

ಮೆಮೊರಿ ಮುಗಿದಾಗ ಕರ್ನಲ್ ಡೇಟಾಬೇಸನ್ನೇ ಕೊಲ್ಲದಿರಲಿ ಎಂದು ಓವರ್‌ಕಮಿಟ್‌ಗೆ 2 ಹಾಕುವುದು ಒಳ್ಳೆಯದೇ. ಹಾಗೆ ಮಾಡಿದರೆ ಕರ್ನಲ್ ಒಂದು ಮಿತಿ ಮೀರಿ ಮೆಮೊರಿ ಕೊಡಲು ಒಪ್ಪುವುದಿಲ್ಲ. ಆದರೆ ಆ ಮಿತಿಯ ಅನುಪಾತ ಮೂಲತಃ ಶೇ. 50. ಮೇಲಾಗಿ ಕರ್ನಲ್ ಹ್ಯೂಜ್ ಪೇಜ್‌ಗಳನ್ನು ಕಳೆದೇ ಲೆಕ್ಕ ಹಾಕುತ್ತದೆ. 16 ಜಿಬಿಯಲ್ಲಿ 8 ಕಳೆದರೆ 8, ಅದರ ಅರ್ಧ 4 ಜಿಬಿ, ಜೊತೆಗೆ ಸ್ವಾಪ್ ಇದ್ದಷ್ಟು. ಇದು ಗೊತ್ತಿಲ್ಲದೆ 2 ಹಾಕಿದರೆ ಮೆಮೊರಿ ಖಾಲಿ ಇದ್ದೂ ಇಲ್ಲ ಎನಿಸುತ್ತದೆ. ಅದಕ್ಕೇ ನಾನು ಸಿಸ್‌ಸಿಟಿಎಲ್ ಫೈಲಿನಲ್ಲಿ ಪ್ರತಿ ಅಂಕಿಯ ಮೇಲೆ ಒಂದು ಸಾಲು ಬರೆಯುತ್ತೇನೆ: ಯಾಕೆ ಇಷ್ಟು, ಮೆಮೊರಿ ಹೆಚ್ಚಿಸಿದರೆ ಎಷ್ಟು ಮಾಡಬೇಕು. ನನ್ನ ನಂತರ ಬರುವವರು ಊಹಿಸುತ್ತ ಕೂರಬಾರದು.

ಆಜ್ಞೆ ಕೊಟ್ಟು ಬದಲಿಸಿದ ಅಂಕಿ ಕರೆಂಟ್ ಹೋಗಿ ಬಂದರೆ ಅಳಿಸಿಹೋಗುತ್ತದೆ, ಫೈಲಿನಲ್ಲಿ ಬರೆದದ್ದು ಮಾತ್ರ ಉಳಿಯುತ್ತದೆ. ಬೇಸಿಗೆಯಲ್ಲಿ ಇಲ್ಲಿ ಕರೆಂಟ್ ಹೋಗದ ದಿನ ಕಡಿಮೆ, ಯುಪಿಎಸ್ ಬ್ಯಾಟರಿಯೂ ಬಿಸಿಲಿಗೆ ಬೇಗ ಸೋಲುತ್ತದೆ. ಹಾಗಾಗಿ ಡೇಟಾಬೇಸ್ ಖಾಲಿ ಇರುವಾಗಲೇ, ಒಬ್ಬ ಸದಸ್ಯನ ಖಾತೆಯೂ ಒಳಗೆ ಹೋಗುವ ಮುನ್ನ, ನಾನೇ ಮೇನ್ ಸ್ವಿಚ್ ಆರಿಸಿ ಹಾಕುತ್ತೇನೆ. ಮಷೀನು ತಾನಾಗಿ ಎದ್ದ ಮೇಲೆ ಹ್ಯೂಜ್ ಪೇಜ್, ಫೈಲ್ ಮಿತಿ, ಓವರ್‌ಕಮಿಟ್ ಮೂರನ್ನೂ ಓದಿ, ಅಲ್ಲಿನ ಹುಡುಗನಿಂದಲೂ ಓದಿಸಿ, ರಿಜಿಸ್ಟರಿನಲ್ಲಿ ಅವನ ಕೈಯಿಂದಲೇ ಬರೆಸುತ್ತೇನೆ. ಖಾತೆಗಳು ತುಂಬಿದ ಮೇಲೆ ಆ ಸ್ವಿಚ್ ಮುಟ್ಟಲು ಯಾರಿಗೂ ಧೈರ್ಯ ಬರುವುದಿಲ್ಲ, ಬರಲೂಬಾರದು.